ಹಸು, ಅಫೀಮು, ಮುಂಗಡ ಸಾಲ: ಅಫ್ಘಾನಿಸ್ತಾನದ ಮನೆಗಳ ಲೆಕ್ಕ

ಬಡತನವೂ ಯುದ್ಧವೂ ಒಟ್ಟಿಗೆ ಬೀಡುಬಿಟ್ಟ ದೇಶದಲ್ಲಿ ಒಂದು ಕುಟುಂಬದ ಜೀವನೋಪಾಯಕ್ಕೆ ಹೊರಗಿನವರು ಹೇಗೆ ಆಸರೆಯಾಗಬಹುದು ಎಂಬ ಪ್ರಶ್ನೆಯನ್ನು ಇಟ್ಟುಕೊಂಡು ಅಫ್ಘಾನಿಸ್ತಾನದಲ್ಲಿ ಮಾಡದ ಪ್ರಯೋಗವೇ ಇಲ್ಲವೇನೋ. ತಾಲಿಬಾನ್‌ನ ಮೊದಲ ಆಡಳಿತ ಉರುಳಿದ 2001ರ ನಂತರದ ಇಪ್ಪತ್ತು ವರ್ಷಗಳಲ್ಲಿ ಅಲ್ಲಿ ಬಿತ್ತನೆ ಬೀಜ ಹಂಚಿದರು, ಕಾಲುವೆ ದುರಸ್ತಿ ಮಾಡಿಸಿದರು, ಕಿರುಸಾಲ ಕೊಟ್ಟರು, ಕೋಳಿ ಕೊಟ್ಟರು, ಹೊಲಿಗೆ ಕಲಿಸಿದರು, ಕೇಸರಿ ಗೆಡ್ಡೆ ಕೊಟ್ಟು, ಅಫೀಮು ಕೊಡುವ ಗಸಗಸೆ ಬಿಡಿ ಎಂದರು. ಈ ಪ್ರಯತ್ನಗಳ ಬಗ್ಗೆ ಬಂದಿರುವ ವರದಿಗಳನ್ನು ಒಂದಷ್ಟು ಕಾಲದಿಂದ ಓದುತ್ತಿದ್ದೇನೆ. ರಾಯಚೂರು ಸೀಮೆಯ ಹಳ್ಳಿಗಳಲ್ಲಿ ಬ್ಯಾಂಕಿನ ಸಣ್ಣ ಸಾಲಗಳ ಕಡತ ನೋಡಿಕೊಂಡೇ ನೌಕರಿ ಮುಗಿಸಿದವನಾದ್ದರಿಂದ, ಓದುವಾಗ ನನ್ನ ಕಣ್ಣು ಮೊದಲು ಹೋಗುವುದು ಆ ಮನೆಗಳ ಆದಾಯದ ಕಡೆಗಲ್ಲ, ಸಾಲದ ಕಡೆಗೆ. ಒಂದು ಬಡ ಮನೆ ಯಾರ ಹತ್ತಿರ, ಯಾವ ತಿಂಗಳಲ್ಲಿ, ಏನನ್ನು ಒತ್ತೆಯಿಟ್ಟು ಕೈಗಡ ತರುತ್ತದೆ ಎಂಬುದು ಗೊತ್ತಾಗುವವರೆಗೆ ಅದಕ್ಕೆ ಕೊಡುವ ಯಾವ ನೆರವೂ ನಿಲ್ಲುವುದಿಲ್ಲ ಎಂಬುದು ನನ್ನ ನಂಬಿಕೆ. ಅಫ್ಘಾನಿಸ್ತಾನದ ಅನುಭವ ಈ ನಂಬಿಕೆಯನ್ನು ಗಟ್ಟಿ ಮಾಡಿದೆ.

ಅಲ್ಲಿನ ಹಳ್ಳಿಯ ಮನೆಯೊಂದು ಒಂದೇ ಕಸುಬನ್ನು ನಂಬಿ ಬದುಕುವುದಿಲ್ಲ. ತುಂಡು ಹೊಲದಲ್ಲಿ ಗೋಧಿ, ನಾಲ್ಕಾರು ಕುರಿ, ಇರಾನಿನಲ್ಲೋ ಪಾಕಿಸ್ತಾನದಲ್ಲೋ ಕಟ್ಟಡದ ಕೂಲಿಗೆ ಹೋದ ಮಗ, ಮನೆಯೊಳಗೆ ಹೆಂಗಸರು ನೇಯುವ ಜಮಖಾನೆ ಅಥವಾ ಹಾಕುವ ಕಸೂತಿ, ಇವೆಲ್ಲ ಸೇರಿದರೆ ಒಂದು ವರ್ಷ ಕಳೆಯುತ್ತದೆ. ಹೊಲಕ್ಕೆ ನೀರು ಬರುವುದು ಬೆಟ್ಟದ ಹಿಮ ಕರಗಿದಾಗ. ಆ ನೀರನ್ನು ಯಾರ ಹೊಲಕ್ಕೆ ಎಷ್ಟು ಹೊತ್ತು ಬಿಡಬೇಕೆಂದು ನಿರ್ಧರಿಸಲು ಊರಿನವರೇ ನೇಮಿಸಿದ ಮೀರಾಬ್ ಇರುತ್ತಾನೆ, ಕಾಲುವೆಯ ಹೂಳೆತ್ತಲು ಮನೆಗೊಬ್ಬರಂತೆ ಸೇರಿ ದುಡಿಯುವ ಹಶರ್ ಎಂಬ ಪದ್ಧತಿ ಇದೆ. ಕೂಲಿಯಿಲ್ಲದ, ಹಾಲಿಲ್ಲದ, ದಾರಿಯೂ ಮುಚ್ಚಿಹೋಗುವ ಚಳಿಗಾಲದಲ್ಲಿ ಹಿಟ್ಟು, ಎಣ್ಣೆ, ಚಹಾ, ಸಕ್ಕರೆ ಎಲ್ಲವೂ ಅಂಗಡಿಯಿಂದ ಉದ್ರಿ ಬರುತ್ತವೆ. ಮನೆ ಉಳಿಯುತ್ತದೋ ಮುಳುಗುತ್ತದೋ ಎಂಬುದು ತೀರ್ಮಾನವಾಗುವುದು ಆ ನಾಲ್ಕು ತಿಂಗಳಲ್ಲಿ.

ಗಸಗಸೆ ಆ ನೆಲದಲ್ಲಿ ಅಷ್ಟು ಗಟ್ಟಿಯಾಗಿ ಬೇರೂರಿದ್ದಕ್ಕೆ ಕಾರಣವೂ ಇದೇ. ಹೊರಗಿನವರು ಅದನ್ನು ಹೆಚ್ಚು ಬೆಲೆ ಸಿಗುವ ಬೆಳೆ ಎಂದಷ್ಟೇ ನೋಡಿದರು, ಅದಕ್ಕೇ ಅಷ್ಟೇ ಬೆಲೆ ಸಿಗುವ ಇನ್ನೊಂದು ಬೆಳೆಯನ್ನು ಹುಡುಕುತ್ತ ವರ್ಷಗಳನ್ನು ಕಳೆದರು. ಆದರೆ ರೈತನಿಗೆ ಅದು ಬೆಳೆಗಿಂತ ಹೆಚ್ಚಾಗಿ ಸಾಲದ ದಾರಿಯಾಗಿತ್ತು. ಚಳಿಗಾಲದಲ್ಲಿ ವ್ಯಾಪಾರಿಯೊಬ್ಬ ಮುಂದಿನ ಕೊಯ್ಲಿನ ಅಫೀಮಿನ ಮೇಲೆ ಮುಂಗಡ ಹಣ ಕೊಡುತ್ತಿದ್ದ, ಇದಕ್ಕೆ ಸಲಾಮ್ ಎನ್ನುತ್ತಾರೆ, ಅದರ ದರ ಕೊಯ್ಲಿನ ಕಾಲದ ದರಕ್ಕಿಂತ ಬಹಳ ಕಡಿಮೆ, ಕೆಲವೊಮ್ಮೆ ಅರ್ಧದಷ್ಟು. ಬಡ್ಡಿಯ ಲೆಕ್ಕ ಹಾಕಿದರೆ ಅದು ಸುಲಿಗೆಯೇ ಸರಿ. ಆದರೂ ಗೋಧಿ ಬೆಳೆಯುತ್ತೇನೆ ಎಂದವನಿಗೆ ಆ ಸುಲಿಗೆಯ ಸಾಲವೂ ಹುಟ್ಟುತ್ತಿರಲಿಲ್ಲ. ಭೂಮಿಯಿಲ್ಲದವನಿಗೆ ಪಾಲಿಗೆ ಹೊಲ ಸಿಗುತ್ತಿದ್ದದ್ದೂ ಗಸಗಸೆ ಬಿತ್ತುತ್ತೇನೆ ಎಂದರೆ ಮಾತ್ರ. ಇನ್ನು ಅಫೀಮು ಕೆಡುವ ಸರಕಲ್ಲ, ಒಣಗಿಸಿ ಕಟ್ಟಿಟ್ಟರೆ ವರ್ಷಗಟ್ಟಲೆ ಇರುತ್ತದೆ, ಹೆರಿಗೆಗೋ ಮದುವೆಗೋ ಬೇಕಾದಾಗ ಒಂದಷ್ಟು ತೆಗೆದು ಮಾರಬಹುದು. ಬ್ಯಾಂಕಿಲ್ಲದ ಊರಿನಲ್ಲಿ ಉಳಿತಾಯದ ಖಾತೆ ಅದೇ ಆಗಿತ್ತು.

ಕೂಲಿಯ ಲೆಕ್ಕವನ್ನೂ ಇಲ್ಲಿ ಸೇರಿಸಬೇಕು. ಹೂದಳ ಉದುರಿದ ಮೇಲೆ ಮಧ್ಯಾಹ್ನ ಇಳಿಹೊತ್ತಿನಲ್ಲಿ ಕೂಲಿಯಾಳುಗಳು ಸಾಲಿನಲ್ಲಿ ನಡೆಯುತ್ತ, ಸಣ್ಣ ಅಲಗುಗಳನ್ನು ಜೋಡಿಸಿದ ಸಾಧನದಿಂದ ಒಂದೊಂದೇ ಹಸಿ ಕಾಯಿಗೆ ಹದವಾಗಿ ಗೀರು ಹಾಕುತ್ತಾರೆ. ಗೀರು ಆಳವಾದರೆ ಹಾಲು ಕಾಯಿಯ ಒಳಕ್ಕೆ ಇಳಿದು ಹಾಳಾಗುತ್ತದೆ, ತೀರಾ ಮೇಲ್ಮೇಲಾದರೆ ಒಸರುವುದೇ ಇಲ್ಲ. ರಾತ್ರಿಯೆಲ್ಲ ಒಸರಿ ಕಂದುಬಣ್ಣಕ್ಕೆ ತಿರುಗಿದ ಅಂಟನ್ನು ಮರುದಿನ ಬೆಳಗ್ಗೆ ಬಿಸಿಲೇರುವ ಮುಂಚೆ ಕೆರೆದು ತೆಗೆಯಬೇಕು, ಒಂದೇ ಕಾಯಿಗೆ ಕೆಲವು ದಿನಗಳ ಅಂತರದಲ್ಲಿ ಮತ್ತೆ ಮತ್ತೆ ಗೀರು ಹಾಕಬೇಕು. ಇದೆಲ್ಲ ಕೈಕೆಲಸ. ಒಂದು ಹೆಕ್ಟೇರ್ ಗೋಧಿಗೆ ಬೇಕಾದ ಆಳುಗಳ ಹಲವು ಪಟ್ಟು ಆಳುಗಳು ಒಂದು ಹೆಕ್ಟೇರ್ ಗಸಗಸೆಗೆ ಬೇಕಾಗುತ್ತಿದ್ದರು, ದಕ್ಷಿಣದ ಹೆಲ್ಮಂದಿಗೆ ಕೊಯ್ಲಿನ ಕಾಲದಲ್ಲಿ ದೂರದ ಪ್ರಾಂತ್ಯಗಳಿಂದ ಜನ ಗುಳೆ ಬರುತ್ತಿದ್ದರು.

2022ರ ಏಪ್ರಿಲ್‌ನಲ್ಲಿ ತಾಲಿಬಾನ್ ಆಡಳಿತ ಗಸಗಸೆ ಬೆಳೆಯನ್ನು ನಿಷೇಧಿಸಿತು. ವಿಶ್ವಸಂಸ್ಥೆಯ ಮಾದಕವಸ್ತು ಮತ್ತು ಅಪರಾಧ ತಡೆ ಕಚೇರಿಯ ಅಂದಾಜಿನಂತೆ 2022ರಲ್ಲಿ 2,33,000 ಹೆಕ್ಟೇರ್ ಇದ್ದ ಬೆಳೆ 2023ರಲ್ಲಿ 10,800 ಹೆಕ್ಟೇರಿಗೆ ಇಳಿಯಿತು, ರೈತರ ಕೈಗೆ ಬರುತ್ತಿದ್ದ ಹಣ 136 ಕೋಟಿ ಡಾಲರಿನಿಂದ 11 ಕೋಟಿ ಡಾಲರಿಗೆ ಕುಸಿಯಿತು. ಜಗತ್ತು ಮೆಚ್ಚಿದ ಈ ಅಂಕಿಗಳ ಹಿಂದೆ ಇನ್ನೊಂದು ಲೆಕ್ಕವಿದೆ. ಪೂರೈಕೆ ನಿಂತದ್ದರಿಂದ 2023ರ ಆಗಸ್ಟ್ ಹೊತ್ತಿಗೆ ಅಫೀಮಿನ ಬೆಲೆ ಕಿಲೋಗೆ 408 ಡಾಲರ್ ಮುಟ್ಟಿತು, ತಾಲಿಬಾನ್ ಅಧಿಕಾರಕ್ಕೆ ಬರುವ ಮುಂಚಿನ ಬೆಲೆಯ ಸುಮಾರು ಐದು ಪಟ್ಟು. ಹೆಚ್ಚು ಹೊಲವಿದ್ದು ಹಳೆಯ ಅಫೀಮನ್ನು ಮನೆಯಲ್ಲಿ ಕಟ್ಟಿಟ್ಟಿದ್ದವನಿಗೆ ನಿಷೇಧ ಲಾಭ ತಂದಿತು, ದಾಸ್ತಾನಿಲ್ಲದ ಪಾಲುಗಾರನಿಗೂ ಕೂಲಿಯವನಿಗೂ ಹೊಲವೂ ಹೋಯಿತು, ಮುಂಗಡವೂ ಹೋಯಿತು. 2000ದಲ್ಲಿ ಇದೇ ತಾಲಿಬಾನ್ ಮೊದಲ ಸಲ ನಿಷೇಧ ಹೇರಿದಾಗಲೂ ಬೆಳೆ ನಿಂತಿತ್ತು, ಸಲಾಮ್ ಸಾಲ ನಿಂತಿರಲಿಲ್ಲ. ತೀರಿಸಲಾಗದ ಸಾಲ ಮುಂದಿನ ವರ್ಷಕ್ಕೆ ಬೆಳೆದು ಬಂದದ್ದರಿಂದ, ಅದನ್ನು ತೀರಿಸಲೆಂದೇ ಮತ್ತೆ ಗಸಗಸೆ ಬಿತ್ತಿದವರು ಅನೇಕರು. ಹೊಲವಂತೂ ಖಾಲಿ ಬಿಡುವಂತಿಲ್ಲ, ಆದ್ದರಿಂದ 2023ರಲ್ಲಿ ಬಹುತೇಕರು ಗೋಧಿಗೆ ತಿರುಗಿದರು. ಮನೆಗೆ ಹಿಟ್ಟಾಯಿತು, ನಗದು ಆಗಲಿಲ್ಲ. ಈಶಾನ್ಯದ ಬದಖ್‌ಶಾನ್ ಪ್ರಾಂತ್ಯದ ಇಕ್ಕಟ್ಟಾದ ಬೆಟ್ಟದ ಹೊಲಗಳಲ್ಲಿ ಗೋಧಿ ಬೆಳೆದು ಹೊಟ್ಟೆ ತುಂಬಿಸಿಕೊಳ್ಳುವುದೂ ಕಷ್ಟ, 2024ರ ಮೇ ತಿಂಗಳಿನಲ್ಲಿ ಬೆಳೆ ನಾಶಪಡಿಸಲು ಬಂದವರ ವಿರುದ್ಧ ಅಲ್ಲಿನ ರೈತರು ತಿರುಗಿಬಿದ್ದು ಜೀವಹಾನಿಯೂ ಆಯಿತು.

ಸರ್ಕಾರದ ಮೂಲಕ ಹಳ್ಳಿಗೆ ಹಣ ತಲುಪಿಸಿದ ದೊಡ್ಡ ಯೋಜನೆ 2003ರಲ್ಲಿ ಆರಂಭವಾದ ರಾಷ್ಟ್ರೀಯ ಏಕತಾ ಕಾರ್ಯಕ್ರಮ. ಊರಿನವರು ಚುನಾಯಿಸಿದ ಮಂಡಳಿಗೆ ಕುಟುಂಬಕ್ಕೆ 200 ಡಾಲರಿನಂತೆ, ಊರಿಗೆ ಹೆಚ್ಚೆಂದರೆ 60,000 ಡಾಲರ್ ಕೊಟ್ಟು, ಕೆಲಸವನ್ನು ಅವರೇ ಆರಿಸಿಕೊಳ್ಳಲಿ ಎಂದು ಬಿಟ್ಟರು. 500 ಹಳ್ಳಿಗಳಲ್ಲಿ ನಡೆದ ಅಧ್ಯಯನದ ಪ್ರಕಾರ ಕುಡಿಯುವ ನೀರು, ವಿದ್ಯುತ್ತು ಸುಧಾರಿಸಿದವು, ಊರಿನ ವ್ಯವಹಾರದಲ್ಲಿ ಹೆಂಗಸರ ಮಾತಿಗೆ ಸ್ವಲ್ಪ ಜಾಗ ಸಿಕ್ಕಿತು, ಮನೆಗಳ ಆದಾಯದಲ್ಲಿ ಮಾತ್ರ ಉಳಿಯುವಂಥ ಬದಲಾವಣೆ ಕಾಣಲಿಲ್ಲ. ಇದನ್ನು ಸೋಲು ಎನ್ನುವುದು ಅನ್ಯಾಯ. ಊರಿಗೆ ಕೊಟ್ಟ ಹಣದಿಂದ ಊರಿನ ಕೆಲಸವಾಯಿತು, ಮನೆಯ ಉದ್ರಿ ಪುಸ್ತಕಕ್ಕೆ ಅದು ತಲುಪುವ ದಾರಿಯೇ ಇರಲಿಲ್ಲ.

ಮನೆಯೊಳಕ್ಕೆ ತಲುಪಿದ ನೆರವೆಂದರೆ ಉತ್ತರದ ಬಲ್ಖ್ ಪ್ರಾಂತ್ಯದ ಹಸುಗಳು. ಬಾಂಗ್ಲಾದೇಶದಲ್ಲಿ ಬ್ರ್ಯಾಕ್ ಎಂಬ ಸ್ವಯಂಸೇವಾ ಸಂಸ್ಥೆ 2002ರಲ್ಲಿ ಕಡುಬಡವರಿಗಾಗಿ ರೂಪಿಸಿದ ಮಾದರಿಯನ್ನು ಅಲ್ಲಿನ ಪರಿಸ್ಥಿತಿಗೆ ಹೊಂದಿಸಿ, 80 ಹಳ್ಳಿಗಳ 1,219 ಕಡುಬಡ ಕುಟುಂಬಗಳನ್ನು ಗುರುತಿಸಿದರು. ಅವುಗಳಲ್ಲಿ ಚೀಟಿಯೆತ್ತಿದ ಹಾಗೆ ಆಯ್ಕೆಯಾದ ಕುಟುಂಬಗಳಿಗೆ ನೆರವು ಸಿಕ್ಕಿತು, ಉಳಿದವು ಹೋಲಿಕೆಗೆ ಉಳಿದವು. ನೆರವು ಹೋದದ್ದು ಮನೆಯ ಹೆಂಗಸಿನ ಹೆಸರಿಗೆ. ಜಾನುವಾರು ಕೊಟ್ಟರು, ಅದರ ಜೊತೆಗೆ ಮನೆಖರ್ಚಿಗೆಂದು ತಿಂಗಳಿಗಿಷ್ಟು ನಗದು ಕೊಟ್ಟರು, ಸಾಕಣೆ ಕಲಿಸಿದರು, ಮನೆಗೇ ಬಂದು ವಿಚಾರಿಸಿಕೊಂಡು ಹೋಗುವ ಮಾರ್ಗದರ್ಶಕರನ್ನು ನೇಮಿಸಿದರು. ಹಸು ಕೊಟ್ಟು ಎರಡು ವರ್ಷವಾದ ಮೇಲೆ ಲೆಕ್ಕ ಹಾಕಿದಾಗ, ನೆರವು ಪಡೆದ ಮನೆಗಳ ತಲಾ ಖರ್ಚು ಪಡೆಯದ ಮನೆಗಳಿಗಿಂತ ಶೇ. 30ರಷ್ಟು ಹೆಚ್ಚಿತ್ತು. ಪಡೆಯದವರಲ್ಲಿ ಶೇ. 82ರಷ್ಟು ಮನೆಗಳು ಬಡತನದ ರೇಖೆಯ ಕೆಳಗಿದ್ದರೆ ಪಡೆದವರಲ್ಲಿ ಶೇ. 62. ಹೆಂಗಸರ ಮನಸ್ಸಿನ ಸ್ಥಿತಿ, ದುಡಿಮೆ, ಮನೆಯ ನಿರ್ಧಾರಗಳಲ್ಲಿ ಅವರ ಪಾಲು ಎಲ್ಲವೂ ಮೇಲಕ್ಕೆ ಹೋಗಿದ್ದವು. ಐದು ವರ್ಷಗಳ ನಂತರ ಮತ್ತೆ ನೋಡಿದಾಗ ಬರಗಾಲ, ಕೋವಿಡ್ ಎಲ್ಲ ಹಾದುಹೋಗಿದ್ದರೂ, ಲಾಭ ಸವೆದಿತ್ತಾದರೂ ಅಳಿದಿರಲಿಲ್ಲ.

ಈ ವರದಿಯನ್ನು ಓದಿದಾಗ ನಮ್ಮಲ್ಲಿ 1980ರ ದಶಕದಲ್ಲಿ ಸಮಗ್ರ ಗ್ರಾಮೀಣಾಭಿವೃದ್ಧಿ ಕಾರ್ಯಕ್ರಮದ ಅಡಿಯಲ್ಲಿ ಹಂಚಿದ ಎಮ್ಮೆಗಳು ನೆನಪಾಗದಿರಲು ಸಾಧ್ಯವಿಲ್ಲ. ಬ್ಯಾಂಕಿನ ಸಾಲ, ಸರ್ಕಾರದ ಸಬ್ಸಿಡಿ, ವಿಮೆಗೆಂದು ಎಮ್ಮೆಯ ಕಿವಿಗೆ ಬಿಲ್ಲೆ, ಎಲ್ಲವೂ ಕಾಗದದ ಮೇಲೆ ಸರಿಯಾಗಿರುತ್ತಿತ್ತು. ಮೊದಲನೆಯ ಬೇಸಗೆಯಲ್ಲಿ ಮೇವು ಮುಗಿದು ಮನೆಯಲ್ಲಿ ಜೋಳವೂ ಮುಗಿದಾಗ ಎಮ್ಮೆ ಸಂತೆಗೆ ಹೋಗುತ್ತಿತ್ತು, ಬಿಲ್ಲೆ ಕಡತದಲ್ಲಿ ಉಳಿಯುತ್ತಿತ್ತು, ಸಾಲ ಮನೆಯಲ್ಲಿ ಉಳಿಯುತ್ತಿತ್ತು. ಅದೇ ಎಮ್ಮೆ ಬೇರೊಬ್ಬರ ಹೆಸರಿನಲ್ಲಿ ಮತ್ತೆ ಮಂಜೂರಾದ ಕಥೆಗಳೂ ಇಲ್ಲದಿಲ್ಲ. ಬಲ್ಖ್‌ನ ಹಸು ಆ ದಾರಿ ಹಿಡಿಯದಿರಲು ಅಲ್ಲಿನ ಹೆಂಗಸರು ನಮ್ಮವರಿಗಿಂತ ಜಾಣೆಯರಾಗಿದ್ದದ್ದು ಕಾರಣವಲ್ಲ. ಹಸುವನ್ನು ಸಾಲವಾಗಿ ಕೊಟ್ಟಿರಲಿಲ್ಲ, ಮತ್ತು ಹಸುವನ್ನು ಮಾರುವ ಗತಿ ತರುವ ತಿಂಗಳುಗಳಿಗೆಂದೇ ನಗದನ್ನು ಇಟ್ಟಿದ್ದರು. ನನ್ನ ದೃಷ್ಟಿಯಲ್ಲಿ ಆ ಯೋಜನೆಯ ಜೀವ ಇರುವುದು ಹಸುವಿನಲ್ಲಿ ಅಲ್ಲ, ಆ ಸಣ್ಣ ಮಾಸಿಕ ಹಣದಲ್ಲಿ. ಹಾಲು ವಾರದ ನಗದಾಯಿತು, ಕರು ಉಳಿತಾಯವಾಯಿತು, ಕೊಟ್ಟಿಗೆಯಲ್ಲಿ ಹಸುವಿದ್ದವಳಿಗೆ ಅಂಗಡಿಯವನು ಉದ್ರಿ ಕೊಡಲು ಹಿಂದೆಮುಂದೆ ನೋಡುವುದಿಲ್ಲ. ಗಸಗಸೆ ಮಾಡುತ್ತಿದ್ದ ಕೆಲಸಗಳಲ್ಲಿ ಕೆಲವನ್ನು ಹಸು ಮಾಡಬಲ್ಲದು, ಗೋಧಿ ಬೀಜದ ಚೀಲ ಮಾಡಲಾರದು.

ಕಂದಹಾರಿನಲ್ಲಿ 2,597 ಯುವಕರನ್ನು ಒಳಗೊಂಡ ಇನ್ನೊಂದು ಪ್ರಯೋಗ ನಡೆಯಿತು. ಕೆಲವರಿಗೆ ವೃತ್ತಿ ತರಬೇತಿ, ಕೆಲವರಿಗೆ ಒಮ್ಮೆ ಮಾತ್ರ 75 ಡಾಲರ್ ನಗದು, ಕೆಲವರಿಗೆ ಎರಡೂ, ಕೆಲವರಿಗೆ ಯಾವುದೂ ಇಲ್ಲ. ತಾಲಿಬಾನ್ ವಿರುದ್ಧ ಹೋರಾಡುತ್ತಿದ್ದ ಆಗಿನ ಸರ್ಕಾರದ ಬಗ್ಗೆ ಅವರ ಒಲವು ಬದಲಾಗುತ್ತದೆಯೇ ಎಂದು ನೋಡುವುದು ಅದರ ಉದ್ದೇಶವಾಗಿತ್ತು. ಬರೀ ತರಬೇತಿಯಿಂದ ಹೇಳಿಕೊಳ್ಳುವಂಥ ಬದಲಾವಣೆ ಆಗಲಿಲ್ಲ, ಬರೀ ನಗದು ಪಡೆದವರ ಒಲವು ಏರಿ ಬೇಗನೆ ಇಳಿದುಹೋಯಿತು, ಎರಡನ್ನೂ ಪಡೆದವರಲ್ಲಿ ಮಾತ್ರ ಅದು ತಿಂಗಳುಗಳ ಕಾಲ ಉಳಿಯಿತು. ಹೊಟ್ಟೆಯ ಪ್ರಶ್ನೆಯನ್ನು ಸೈನ್ಯದ ಪ್ರಶ್ನೆಯ ಬಾಲಕ್ಕೆ ಕಟ್ಟುವ ಈ ಬಗೆಯ ಆಲೋಚನೆ ನನಗೆ ಹಿಡಿಸುವುದಿಲ್ಲ. ಬಡವನ ಒಲವನ್ನು ಕೊಳ್ಳಲು ಕೊಟ್ಟ ನೆರವು ಅವನ ಊರಿನ ಮೇಲೆ ಹಿಡಿತವಿರುವ ಇನ್ನೊಂದು ಬಣದ ಕಣ್ಣಿಗೆ ಅವನನ್ನೇ ಗುರಿಯಾಗಿಸುತ್ತದೆ.

2021ರ ಆಗಸ್ಟ್‌ನಲ್ಲಿ ಕಾಬೂಲ್ ತಾಲಿಬಾನ್ ಕೈಸೇರಿದಾಗ ಮನೆಗಳಿಗೆ ಬಡಿದದ್ದು ಗುಂಡಿಗಿಂತ ಹೆಚ್ಚಾಗಿ ನಗದಿನ ಬರ. ಸರ್ಕಾರಿ ವೆಚ್ಚದ ಮುಕ್ಕಾಲು ಪಾಲು ವಿದೇಶಿ ನೆರವಿನಿಂದ ನಡೆಯುತ್ತಿತ್ತು, ಅದು ಒಂದೇ ಏಟಿಗೆ ನಿಂತಿತು. ಕೇಂದ್ರ ಬ್ಯಾಂಕಿನ ಸುಮಾರು 900 ಕೋಟಿ ಡಾಲರ್ ಮೀಸಲು ಹೊರದೇಶಗಳಲ್ಲಿ, ಅದರಲ್ಲೂ 700 ಕೋಟಿ ಅಮೆರಿಕದಲ್ಲಿ, ಸಿಕ್ಕಿಹಾಕಿಕೊಂಡಿತು. ಖಾತೆಯಲ್ಲಿ ಹಣವಿದ್ದವರಿಗೂ ವಾರಕ್ಕೆ 200 ಡಾಲರಿಗಿಂತ ಹೆಚ್ಚು ತೆಗೆಯಲು ಅವಕಾಶವಿರಲಿಲ್ಲ, ಅಷ್ಟಕ್ಕೂ ಬೆಳಗಿನಿಂದ ಸಾಲಿನಲ್ಲಿ ನಿಲ್ಲಬೇಕಿತ್ತು. ಸಂಬಳವಿಲ್ಲದ ಶಿಕ್ಷಕರು ಪಾತ್ರೆ, ಜಮಖಾನೆ, ಹಾಸಿಗೆಗಳನ್ನು ಬೀದಿಯಲ್ಲಿ ಹರವಿಕೊಂಡು ಮಾರಲು ಕುಳಿತರು. ಮಾರುಕಟ್ಟೆಯಲ್ಲಿ ಹಿಟ್ಟಿತ್ತು, ಕೊಳ್ಳಲು ನೋಟಿರಲಿಲ್ಲ. ಆಗ ವಿಶ್ವಸಂಸ್ಥೆ ವಿಮಾನದಲ್ಲಿ ಡಾಲರ್ ನೋಟುಗಳ ಕಟ್ಟುಗಳನ್ನೇ ಕಾಬೂಲಿಗೆ ತರಿಸತೊಡಗಿತು. 2022ರ ಜನವರಿ, ಫೆಬ್ರವರಿ ತಿಂಗಳುಗಳಿಗೆ ಯುನಿಸೆಫ್ ದೇಶದ ಸರ್ಕಾರಿ ಶಾಲೆಗಳ ಸುಮಾರು 1,94,000 ಶಿಕ್ಷಕರಿಗೆ ತಿಂಗಳಿಗೆ 100 ಡಾಲರಿನಷ್ಟು ಹಣ ಕೊಟ್ಟಿತು. ಉಳಿದದ್ದನ್ನು ನಡೆಸಿದ್ದು ಬ್ಯಾಂಕಿನ ಹೊರಗೆ, ವ್ಯಾಪಾರಿಗಳ ನಡುವಿನ ನಂಬಿಕೆಯ ಮೇಲೆ ಹಣ ದಾಟಿಸುವ ಹವಾಲಾ. ನಮ್ಮಲ್ಲಿ ಹವಾಲಾ ಎಂದೊಡನೆ ಪೊಲೀಸರು ನೆನಪಾಗುತ್ತಾರೆ. ಕಾಬೂಲಿನ ಸರಾಯ್ ಶಹಜಾದಾ ಪೇಟೆಯಲ್ಲಿ ಅದು ಹಾಡಹಗಲಿನ ವ್ಯಾಪಾರ, ನೆರವು ಸಂಸ್ಥೆಗಳೂ ದೂರದ ಜಿಲ್ಲೆಗಳಿಗೆ ಹಣ ಕಳಿಸಲು ಅದನ್ನೇ ಹಿಡಿದವು. ಆಮೇಲೆ ಕಾಬೂಲ್, ಹೆರಾತ್, ಮಜಾರ್-ಎ-ಶರೀಫ್ ನಗರಗಳಲ್ಲಿ ಕಡುಬಡ ಹೆಂಗಸರ ಮೊಬೈಲಿಗೇ ಹಣ ಹಾಕಿ, ಹತ್ತಿರದ ಅಂಗಡಿಯಲ್ಲಿ ಹಿಟ್ಟು ಎಣ್ಣೆ ಕೊಳ್ಳುವಂತೆ ಮಾಡಿದ ಪ್ರಯೋಗವೂ ಫಲ ಕೊಟ್ಟಿತು. ಓದು ಬರದವರೂ ಅದನ್ನು ಬಳಸಲು ಕಲಿತರು, ಮಕ್ಕಳ ಊಟ ಸುಧಾರಿಸಿತು, ತಲುಪಿಸುವ ಖರ್ಚು ಡಾಲರಿಗೆ ಏಳು ಸೆಂಟಿಗಿಂತ ಕಡಿಮೆಯಾಗಿತ್ತು.

ಇಷ್ಟರ ನಡುವೆ 2022ರ ಡಿಸೆಂಬರ್ 24ರಂದು ಹೆಂಗಸರು ಸ್ವಯಂಸೇವಾ ಸಂಸ್ಥೆಗಳಲ್ಲಿ ದುಡಿಯಬಾರದೆಂಬ ಆದೇಶ ಬಂತು, 2023ರ ಏಪ್ರಿಲ್‌ನಲ್ಲಿ ಅದು ವಿಶ್ವಸಂಸ್ಥೆಯ ಕಚೇರಿಗಳಿಗೂ ವಿಸ್ತರಿಸಿತು. ಇದನ್ನು ಹೆಂಗಸರ ನೌಕರಿಯ ಪ್ರಶ್ನೆ ಎಂದಷ್ಟೇ ತಿಳಿದರೆ ಸಾಲದು. ಪರಗಂಡಸು ಮನೆಯ ಹೊಸ್ತಿಲು ದಾಟದ ಊರಿನಲ್ಲಿ ವಿಧವೆಯೊಬ್ಬಳ ಮನೆಯಲ್ಲಿ ಹಿಟ್ಟೆಷ್ಟಿದೆ, ಸಾಲವೆಷ್ಟಿದೆ, ಹಸು ಗಬ್ಬವಾಗಿದೆಯೇ ಎಂದು ಕೇಳಿ ತಿಳಿಯಬಲ್ಲವಳು ಇನ್ನೊಬ್ಬ ಹೆಂಗಸು ಮಾತ್ರ. ಆ ಹೆಂಗಸನ್ನು ತೆಗೆದುಹಾಕಿದರೆ ಪಟ್ಟಿ ಬರೆಯುವವನು ಊರಿನ ಹಿರಿಯನಾಗುತ್ತಾನೆ, ಪಟ್ಟಿಯಲ್ಲಿ ಯಾರ ಹೆಸರಿರುತ್ತದೆ ಎಂಬುದನ್ನು ನಮ್ಮ ಹಳ್ಳಿಗಳನ್ನು ಕಂಡವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹೆಂಗಸರು ಹೆಂಗಸರಿಗೆ ಕಲಿಸಿದ ಒಂದು ಪ್ರಯತ್ನದಲ್ಲಿ ಭಾರತದ ಕೈಯೂ ಇತ್ತು. ಅಹಮದಾಬಾದಿನ ‘ಸೇವಾ’ (SEWA) ಎಂಬ ಸ್ವಉದ್ಯೋಗಿ ಮಹಿಳೆಯರ ಸಂಘದ ದುಡಿಯುವ ಹೆಂಗಸರು 2008ರಿಂದ ಕಾಬೂಲಿನ ಬಾಗ್-ಎ-ಜನಾನಾದಲ್ಲಿ, ಗಂಡಸರಿಗೆ ಪ್ರವೇಶವಿಲ್ಲದ ಆ ತೋಟದಲ್ಲಿ, ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡವರಿಗೆ ಹೊಲಿಗೆ, ಆಹಾರ ಸಂಸ್ಕರಣೆ, ಸಸಿ ಬೆಳೆಸುವ ಕೆಲಸ ಕಲಿಸಿದರು.

ಕನ್ನಡದ ಅಡುಗೆಮನೆಗಳಿಗೂ ಆ ಬೆಟ್ಟಗಳಿಗೂ ಇರುವ ನಂಟು ಇಂಗಿನದು. ಅಲ್ಲಿನ ಒಣ ಬೆಟ್ಟಗಳಲ್ಲಿ ತಾನಾಗಿ ಬೆಳೆಯುವ ಗಿಡದ ಬೇರಿನ ತಲೆಯನ್ನು ಕೊಯ್ದು, ಒಸರಿದ ಅಂಟನ್ನು ಕೆರೆದು, ಮತ್ತೆ ತೆಳುವಾಗಿ ಕೊಯ್ದು ಹೀಗೆ ವಾರಗಟ್ಟಲೆ ಸಂಗ್ರಹಿಸುತ್ತಾರೆ. ಭಾರತ ಇರಾನ್, ಅಫ್ಘಾನಿಸ್ತಾನ, ಉಜ್ಬೆಕಿಸ್ತಾನಗಳಿಂದ ವರ್ಷಕ್ಕೆ ಸುಮಾರು 1,200 ಟನ್ ಕಚ್ಚಾ ಇಂಗನ್ನು ತರಿಸಿಕೊಳ್ಳುತ್ತದೆ, ಅದಕ್ಕೆ ಹಿಟ್ಟು ಮತ್ತು ಗೋಂದು ಬೆರೆಸಿದ್ದೇ ನಮ್ಮ ಡಬ್ಬಿಯ ಇಂಗು. 2017ರ ಜೂನ್‌ನಲ್ಲಿ ಕಾಬೂಲ್ ಮತ್ತು ದೆಹಲಿಯ ನಡುವೆ ಸರಕು ವಿಮಾನ ಮಾರ್ಗ ತೆರೆದಾಗ ಮೊದಲ ವಿಮಾನದಲ್ಲಿ ಬಂದದ್ದು 60 ಟನ್ ಸರಕು, ಹೆಚ್ಚಿನದು ಇಂಗೇ. ಇಂಥ ವ್ಯಾಪಾರ ಬಡ ಮನೆಗೆ ತಲುಪಿಸುವ ಹಣ ಸಣ್ಣದಿರಬಹುದು, ಆದರೆ ಅದಕ್ಕೆ ಯಾವ ದಾನಿಯ ಬಜೆಟ್ಟಿನ ಹಂಗೂ ಇಲ್ಲ, ಗಡಿಯ ಹಂಗು ಮಾತ್ರ ಇದೆ. ಭಾರತ ಮತ್ತು ಪಾಕಿಸ್ತಾನದ ಜಗಳದಲ್ಲಿ 2025ರ ಏಪ್ರಿಲ್‌ನಲ್ಲಿ ಪಂಜಾಬಿನ ಅಟ್ಟಾರಿ ಗಡಿದ್ವಾರ ಮುಚ್ಚಿದಾಗ ದಾರಿಯಲ್ಲಿ ನಿಂತವು ಒಣಹಣ್ಣು ತುಂಬಿದ ಅಫ್ಘನ್ ಲಾರಿಗಳು, ಮೇ ತಿಂಗಳಿನಲ್ಲಿ 160 ಲಾರಿಗಳನ್ನು ವಿಶೇಷವಾಗಿ ಬಿಟ್ಟುಕೊಳ್ಳಬೇಕಾಯಿತು.

ಈಗಂತೂ ಹಣವೇ ಇಲ್ಲ. 2023ರಲ್ಲೇ ವಿಶ್ವ ಆಹಾರ ಕಾರ್ಯಕ್ರಮ ಒಂದು ಕೋಟಿ ಜನರನ್ನು ಪಟ್ಟಿಯಿಂದ ಕೈಬಿಟ್ಟಿತ್ತು, 2025ರಲ್ಲಿ ಅಮೆರಿಕ ತನ್ನ ನೆರವನ್ನು ಬಹುಮಟ್ಟಿಗೆ ನಿಲ್ಲಿಸಿತು. ಅದೇ ಹೊತ್ತಿಗೆ ಪಾಕಿಸ್ತಾನ ಮತ್ತು ಇರಾನ್ ಲಕ್ಷಗಟ್ಟಲೆ ಅಫ್ಘನ್ನರನ್ನು ಹೊರದಬ್ಬಿವೆ. ಹಾಗೆ ಮರಳಿದವರಲ್ಲಿ ಅನೇಕರು ತಿಂಗಳು ತಿಂಗಳು ಮನೆಗೆ ಹಣ ಕಳಿಸುತ್ತಿದ್ದವರು, ಈಗ ಅವರೇ ಉಣ್ಣುವ ಬಾಯಿಗಳಾಗಿ ಬಂದು ನಿಂತಿದ್ದಾರೆ. ಇಂಥ ಸಂದರ್ಭದಲ್ಲಿ ಯೋಜನೆಗಳನ್ನು ಮೊಟಕುಗೊಳಿಸುವವರು ಸಾಮಾನ್ಯವಾಗಿ ಮೊದಲು ಕೈಹಾಕುವುದು ಮಾಸಿಕ ನಗದಿಗೆ, ಏಕೆಂದರೆ ಅದು ತಿಂದು ಮುಗಿಯುವ ಹಣದಂತೆ ಕಾಣುತ್ತದೆ, ತರಬೇತಿ ಶಿಬಿರಕ್ಕಾದರೆ ಫೋಟೊ ಇರುತ್ತದೆ, ಹಾಜರಿ ಪಟ್ಟಿ ಇರುತ್ತದೆ. ನನ್ನನ್ನು ಕೇಳಿದರೆ ಶಿಬಿರವನ್ನು ಮೊದಲು ಬಿಡಬೇಕು, ಹಸುವಿನ ಬದಲು ಎರಡು ಕುರಿ ಕೊಟ್ಟರೂ ನಡೆಯುತ್ತದೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ನಗದನ್ನೂ, ಮನೆಗೆ ಬಂದು ವಿಚಾರಿಸುವ ಆ ಹೆಂಗಸಿನ ಸಂಬಳವನ್ನೂ, ಅವಳನ್ನು ಬಹಿರಂಗವಾಗಿ ಕಳಿಸಲಾಗದ ಕಡೆ ಅಕ್ಕಪಕ್ಕದ ಮನೆಯವಳ ಮೂಲಕವಾದರೂ ನಡೆಯುವ ಅದೇ ಕೆಲಸವನ್ನೂ ಕೊನೆಯವರೆಗೆ ಮುಟ್ಟಬಾರದು.